ಕನ್ನಡಿ ನೋಡಿ ಬಿಡಿಸಿದ ಅಮ್ಮ

ಕೊನೆಯ ಚಿತ್ರ ನೋಡಿದವನೇ ಕತೆ ಬರೆದಾತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ಕ್ಷಮಿಸಿ" ಅಂದ. ಬಾಗಿಲು ಎಳೆದುಕೊಂಡು ಹೊರಟೇಹೋದ. ಅವನಿಗೆಂದು ತರಿಸಿದ್ದ ಕಾಫಿ ಮೇಜಿನ ಮೇಲೆ ಹಾಗೇ ಉಳಿಯಿತು.

ಚಿತ್ರಗಾರ್ತಿಗೆ ತಲೆಬುಡ ಅರ್ಥವಾಗಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳ ಚಿತ್ರ ನೋಡಿ ಆಕಳಿಸಿದವರುಂಟು, ಆನೆ ಯಾಕೆ ಇಷ್ಟು ಸಣ್ಣಗಿದೆ ಎಂದು ತಗಾದೆ ತೆಗೆದವರುಂಟು. ಎದ್ದು ಓಡಿದವನು ಇವನೇ ಮೊದಲು.

"ನಾನೇನು ತಪ್ಪು ಮಾಡಿದೆ ಮೇಡಂ?"

ಸಂಪಾದಕಿ ಆ ಕಾಫಿಯನ್ನು ತಾವೇ ಎತ್ತಿಕೊಂಡರು. ಅವರ ಪ್ರಕಾಶನದಲ್ಲಿ ಒಂದು ಕಟ್ಟುನಿಟ್ಟು. ಮಕ್ಕಳ ಪುಸ್ತಕಕ್ಕೆ ಕತೆ ಬರೆದವರೂ ಚಿತ್ರ ಬಿಡಿಸುವವರೂ ಕರಡು ಮುಗಿಯುವ ತನಕ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಬರೆದವರು ಬೆನ್ನ ಹಿಂದೆ ನಿಂತರೆ ಬಿಡಿಸುವವರ ಕೈ ಕಟ್ಟಿಹಾಕಿದ ಹಾಗೆ ಅನ್ನುವುದು ಮೇಡಂ ವಾದ. ಆ ಕಟ್ಟುನಿಟ್ಟಿನಿಂದ ಎಷ್ಟೋ ಒಳ್ಳೆಯ ಪುಸ್ತಕಗಳು ಹುಟ್ಟಿದ್ದು ನಿಜ. ಈ ಸಲ ಅದೇ ಕೈಕೊಟ್ಟಿತು.

"ಅದು ಅವರ ಮನೇದೇ ಕತೆ ಕಣೇ," ಅಂದರು ಮೇಡಂ ಕೊನೆಗೆ. "ಹೆಂಡತಿ ತೀರಿಹೋಗಿದಾರೆ. ಆಗ ಮಗು ಇನ್ನೂ ತೊದಲು ಮಾತಾಡ್ತಿತ್ತು. ನಿನಗೆ ಹೇಳಬೇಕಿತ್ತು. ಹೇಳಿದ್ರೆ ಅಳ್ತಾ ಕೂತು ಎಲ್ಲದಕ್ಕೂ ಬೂದಿ ಬಣ್ಣ ಬಳಿದುಬಿಡ್ತೀಯ ಅಂತ ಸುಮ್ಮನಾದೆ."

ಕತೆ ಇದ್ದದ್ದು ಇಷ್ಟು. ಒಬ್ಬ ಪುಟ್ಟ ಹುಡುಗಿ. ಅವಳಿಗೆ ಆಗಿಹೋದದ್ದೆಲ್ಲ ನಿನ್ನೆ, ಆಗಬೇಕಾದ್ದೆಲ್ಲ ನಾಳೆ. ಆ ವಯಸ್ಸಿನ ಮಕ್ಕಳ ಕ್ಯಾಲೆಂಡರಿನಲ್ಲಿ ಬೇರೆ ದಿನಗಳು ಇರುವುದೇ ಇಲ್ಲವಲ್ಲ. ನಿನ್ನೆ ನಾನು ಹುಟ್ಟಿದೆ. ನಿನ್ನೆ ಅಮ್ಮ ನನಗೆ ನೀಲಿ ಟಬ್ಬಿನಲ್ಲಿ ಸ್ನಾನ ಮಾಡಿಸಿದಳು. ನಿನ್ನೆ ಅಮ್ಮ ಮಂಚದ ಕೆಳಗೆ ಬಗ್ಗಿ ನನ್ನ ಚೆಂಡು ಹುಡುಕಿದಳು. ಹೀಗೆ ನಿನ್ನೆ, ನಿನ್ನೆ ಎನ್ನುತ್ತ ಹೋಗಿ ಕಡೆಯ ಪುಟದಲ್ಲಿ ಒಂದೇ ಸಾಲು: ನಾಳೆ ಬಾಗಿಲು ತೆರೆದುಕೊಳ್ಳುತ್ತದೆ.

ಅಮ್ಮ ಸತ್ತಿದ್ದಾಳೆಂದು ಎಲ್ಲೂ ಬರೆದಿರಲಿಲ್ಲ. ಯಾವುದೋ ಊರಿಗೆ ಕೆಲಸಕ್ಕೆ ಹೋದ ಅಮ್ಮ ಇರಬೇಕು, ಇವತ್ತಲ್ಲ ನಾಳೆ ಬಂದೇ ಬರುತ್ತಾಳೆ ಅಂದುಕೊಂಡ ಚಿತ್ರಗಾರ್ತಿ, ಕಡೆಯ ಪುಟದಲ್ಲಿ ಬಾಗಿಲು ತೆಗೆದು ಅಮ್ಮನನ್ನೇ ನಿಲ್ಲಿಸಿಬಿಟ್ಟಿದ್ದಳು. ಹೆಗಲಲ್ಲಿ ಚೀಲ, ಮುಖದ ತುಂಬ ನಗು. ಬಾಗಿಲು ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುವ ಚಾಳಿಯನ್ನು ಕಷ್ಟಪಟ್ಟು ಬಿಟ್ಟಿದ್ದವನ ಮುಂದೆ ಆ ಚಿತ್ರ ಹಿಡಿದಿದ್ದಳು.

ಮಾರನೆಯ ದಿನ ಅವನ ಅಂಗಡಿ ಹುಡುಕಿಕೊಂಡು ಹೋದಳು. ಕನ್ನಡಕದ ಅಂಗಡಿ. ನಾಲ್ಕು ಗೋಡೆಗೂ ಕನ್ನಡಕಗಳು, ನಡುವೆ ಗಾಜಿನ ಕೌಂಟರು, ಒಳಗೆ ಕಣ್ಣು ನೋಡುವ ಸಣ್ಣ ಕೋಣೆ. ಬಾಗಿಲಲ್ಲೇ ನಿಂತು, ಏನು ಹೇಳಬೇಕೆಂದು ತೋಚದೆ, ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಳು.

"ಒಳಗೆ ಬನ್ನಿ," ಅಂದ ಆತ. ಗುರುತು ಹಿಡಿದಿದ್ದ.

"ನಾನು ಕ್ಷಮೆ ಕೇಳೋಕೆ ಬಂದೆ."

"ಅದು ಆಮೇಲೆ. ಅಷ್ಟು ದೊಡ್ಡ ಅಕ್ಷರ ಓದೋಕೆ ಇಷ್ಟು ಒದ್ದಾಡ್ತಿದೀರಲ್ಲ, ಚಿತ್ರ ಹೇಗೆ ಬಿಡಿಸ್ತೀರಿ? ಕೂತ್ಕೊಳ್ಳಿ ಮೊದಲು."

ಬಾಲ ಸುಟ್ಟ ಬೆಕ್ಕಿನ ಹಾಗೆ ಬಂದವಳು ತೆಪ್ಪಗೆ ಹೋಗಿ ಆ ಎತ್ತರದ ಕುರ್ಚಿಯಲ್ಲಿ ಕೂತಳು. ಆತ ಅವಳ ಮೂಗಿನ ಮೇಲೆ ಒಂದು ಭಾರದ ಫ್ರೇಮು ಕೂರಿಸಿ, ಒಂದೊಂದೇ ಗಾಜು ಬದಲಾಯಿಸತೊಡಗಿದ.

"ಇದು ಚೆನ್ನಾಗಿದ್ಯಾ, ಇದಾ?"

"ಎರಡೂ ಒಂದೇ ಥರ."

"ಈಗ?"

ಈಗ ಚೆನ್ನಾಗಿ ಕಂಡಿತು. ಬೋರ್ಡಲ್ಲ, ಅವನು. ರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿಯಾಗಿ, ಗದ್ದದಲ್ಲಿ ಶೇವಿಂಗ್ ಮಾಡುವಾಗ ಬಿಟ್ಟುಹೋದ ಒಂದು ಚೂರು ಗಡ್ಡ, ನಿದ್ದೆಗೆಟ್ಟ ಕಣ್ಣುಗಳಲ್ಲಿ ಬೇಡ ಬೇಡವೆಂದರೂ ಇಣುಕುವ ತಮಾಷೆ. ಅವಳು ಬೋರ್ಡಿನ ಕಡೆ ತಿರುಗಲೇ ಇಲ್ಲ.

"ಅಕ್ಷರ ಅಲ್ಲಿದೆ," ಅಂದ ಆತ.

ಕೌಂಟರಿನ ಕೆಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಗಾಜಿಲ್ಲದ ಫ್ರೇಮು ಮೂಗಿಗೇರಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಹೊರಗೆ ಬಂದಳು. ಅವನ ಮಗಳು. ಮನೆಯಲ್ಲಿ ಎಲ್ಲರೂ ಚುಕ್ಕಿ ಅನ್ನುತ್ತಿದ್ದರು. ಬಂದವಳೇ ಚಿತ್ರಗಾರ್ತಿಯ ಕಡತಕ್ಕೆ ಕೈಹಾಕಿ ಕರಡು ಚಿತ್ರಗಳನ್ನು ನೆಲದ ಮೇಲೆ ಹರವಿಕೊಂಡಳು.

"ಇದು ಅಮ್ಮ," ಅಂದಳು ಬೆರಳಿಟ್ಟು. "ಇಲ್ಲೂ ಅಮ್ಮ. ಇಲ್ಲೂ."

ಇಬ್ಬರು ದೊಡ್ಡವರೂ ಉಸಿರು ಬಿಗಿಹಿಡಿದರು. ಮಗು ಅಳಲಿಲ್ಲ. ಖುಷಿಯಾಗಿತ್ತು.

"ನಿಮ್ಮವರ ಒಂದು ಫೋಟೋ ಕೊಟ್ಟರೆ ಮುಖ ಬದಲಾಯಿಸ್ತೀನಿ," ಅಂದಳು ಚಿತ್ರಗಾರ್ತಿ ಮೆಲ್ಲಗೆ.

"ಬೇಡ. ನನ್ನ ಹೆಂಡತಿ ಅಂಗಡಿ ಅಂಗಡಿಲಿ ಮಾರಾಟಕ್ಕೆ ಇರೋದು ಬೇಡ. ಇವಳು ಯಾರೋ ಒಬ್ಬ ಅಮ್ಮ, ಹೀಗೇ ಇರ್ಲಿ. ಕೊನೆ ಪುಟ ಒಂದು ಬೇರೆ ಮಾಡಿ."

"ಅಲ್ಲಿ ಯಾರು ಬರಬೇಕು?"

"ಗೊತ್ತಿದ್ದಿದ್ರೆ ಬರೀತಾನೇ ಇರ್ಲಿಲ್ಲ," ಅಂದ ಆತ.

ಆ ಅಮ್ಮ ಯಾರೋ ಒಬ್ಬ ಅಮ್ಮ ಆಗಿರಲಿಲ್ಲ. ಅದು ಅವನಿಗೂ ಹೊಳೆಯಲಿಲ್ಲ, ಬಿಡಿಸಿದವಳಿಗೂ ಹೊಳೆಯಲಿಲ್ಲ.

ಚಿತ್ರಗಾರ್ತಿಯ ಅಕ್ಕ ಹಲ್ಲಿನ ಡಾಕ್ಟರು. ಕೆಳಗೆ ಅಕ್ಕನ ಕ್ಲಿನಿಕ್ಕು, ಮೇಲಿನ ಕೋಣೆಯಲ್ಲಿ ತಂಗಿಯ ಮೇಜು, ಬಣ್ಣ, ಆಳೆತ್ತರದ ಒಂದು ಕನ್ನಡಿ. ಬಗ್ಗಿ ಚೆಂಡು ಹುಡುಕುವ ಹೆಂಗಸು ಬೇಕೆಂದರೆ ಅವಳು ತಾನೇ ಕನ್ನಡಿ ಮುಂದೆ ಬಗ್ಗುವಳು, ಮಗುವನ್ನು ಎತ್ತಿಕೊಂಡ ಹೆಂಗಸು ಬೇಕೆಂದರೆ ದಿಂಬು ಎತ್ತಿಕೊಂಡು ನಿಲ್ಲುವಳು. ಆ ಕಸುಬಿನವರು ಮಾಡುವುದೇ ಹಾಗೆ. ದಿನವಿಡೀ ಬಿಟ್ಟಿಯಾಗಿ ಬಗ್ಗಿ ನಿಲ್ಲುವವರು ಬೇರೆ ಯಾರು ಸಿಗುತ್ತಾರೆ? ಹಾಗಾಗಿ ಪುಸ್ತಕದ ಅಮ್ಮ ಬಿಡಿಸಿದವಳ ಹಾಗೇ ಕೂದಲನ್ನು ಮೇಲೆತ್ತಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಒಂದು ಕಾಲು ಮಡಚಿ ಅದರ ಮೇಲೇ ಕೂರುತ್ತಿದ್ದಳು. ಕಿವಿಯ ಕೆಳಗೊಂದು ಮಚ್ಚೆಯೂ ಇತ್ತು.

ಹೊಸ ಕನ್ನಡಕ ಬಂತು. ಬಂದ ವಾರದಲ್ಲೇ ಅದರ ಸ್ಕ್ರೂ ಸಡಿಲವಾಯಿತು. ಸರಿಮಾಡಿಸಿಕೊಂಡು ಬಂದಳು. ಮತ್ತೆ ಸಡಿಲವಾಯಿತು.

"ಏನೇ, ನಿನಗೆ ಬೇಕಾಗಿರೋದು ಕನ್ನಡಕವೋ, ಕನ್ನಡಕದವನೋ?" ಅಂದಳು ಅಕ್ಕ, ರೋಗಿಯ ಬಾಯಿಂದ ಕಣ್ಣು ತೆಗೆಯದೆ. ಬಾಯಿ ತೆರೆದು ಮಲಗಿದ್ದ ರೋಗಿ ಮಾತಾಡಲಾಗದೆ ಕಣ್ಣಲ್ಲೇ ನಕ್ಕ.

ಅಂಗಡಿಯಲ್ಲಿ ಅವಳಿಗೆಂದು ಒಂದು ಸ್ಟೂಲು ಖಾಯಂ ಆಯಿತು. ಚುಕ್ಕಿ ಅವಳ ತೊಡೆಯ ಮೇಲೆ ಕೂತು ಬಣ್ಣ ತುಂಬುವಳು, ಆತ ಗಿರಾಕಿಗಳ ನಡುವೆ ಬಂದು ಬಗ್ಗಿ ನೋಡುವನು. "ಮೋಡ ಹಸಿರು ಯಾಕೆ?" ಅನ್ನುವನು. "ನಿಮ್ಮ ಕಣ್ಣು ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ," ಅನ್ನುವಳು ಇವಳು. ಆತ ನಗುವಾಗ ಶಬ್ದ ಮಾಡುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆ ಭುಜಕ್ಕಾಗಿ ಅವಳು ದಾರಿಯುದ್ದಕ್ಕೂ ಜೋಕು ಹೊಂಚಿಕೊಂಡು ಬರುತ್ತಿದ್ದಳು. ಪ್ರೀತಿ ಬಂದರೆ ಬುದ್ಧಿವಂತರೂ ಎಂಥ ಕೆಲಸಕ್ಕೆ ಇಳಿಯುತ್ತಾರೆ ನೋಡಿ.

ಒಂದು ಮಧ್ಯಾಹ್ನ ಆತ ಕನ್ನಡಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಈ ಸ್ಕ್ರೂ ತಾನಾಗೇ ಇಷ್ಟು ಸಲ ಸಡಿಲ ಆಗಲ್ಲ. ಯಾರೋ ಬಿಚ್ತಿದಾರೆ."

ಅವಳ ಕಿವಿ ಬಿಸಿಯಾಯಿತು. ಅಕ್ಕನ ಕ್ಲಿನಿಕ್ಕಿನಲ್ಲಿ ಸಣ್ಣ ಸಣ್ಣ ಸಲಕರಣೆಗಳಿಗೆ ಬರವಿರಲಿಲ್ಲ.

"ಯಾರು ಅಂತ ಗೊತ್ತಾ?" ಅಂದಳು ನೆಲ ನೋಡುತ್ತ.

"ಅನುಮಾನ ಇದೆ." ಸ್ಕ್ರೂ ಬಿಗಿ ಮಾಡಿ, ಬಟ್ಟೆಯಲ್ಲಿ ಗಾಜು ಒರೆಸಿ, ಕನ್ನಡಕವನ್ನು ತಾನೇ ಅವಳ ಕಿವಿಗೆ ಸಿಕ್ಕಿಸಿದ. ಬೆರಳು ಕೂದಲಿಗೆ ತಾಕಿತು. ಹಿಂದಕ್ಕೆ ತೆಗೆಯುವುದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಅಲ್ಲೇ ಇತ್ತು. "ಇನ್ನು ಮುಂದೆ ಬಿಚ್ಚದೇನೇ ಬನ್ನಿ," ಅಂದ.

ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಅವಳಿಗೆ ಬೇಕೂ ಇರಲಿಲ್ಲ. ಮನೆಗೆ ಬಂದು ಕಡೆಯ ಪುಟದ ಹಾಳೆ ತೆಗೆದಳು. ಅಷ್ಟು ದಿನ ಖಾಲಿ ಇದ್ದ ಬಾಗಿಲಲ್ಲಿ ಒಬ್ಬ ಹೆಂಗಸನ್ನು ಬಿಡಿಸಿದಳು. ಬೆನ್ನು ಮಾತ್ರ ಕಾಣುತ್ತಿತ್ತು, ಒಳಗೆ ಹೆಜ್ಜೆ ಇಡುತ್ತಿರುವ ಹಾಗೆ. ಎತ್ತಿ ಕಟ್ಟಿದ ಕೂದಲಲ್ಲಿ ಒಂದು ಪೆನ್ಸಿಲ್. ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದವನಿಗೆ ಗೊತ್ತಾಗುತ್ತದೆ. ಅವತ್ತು ಊಟ ಮಾಡುವಾಗಲೂ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಕ್ಕ ಏನೂ ಕೇಳದೆ ಇನ್ನೊಂದು ಸೌಟು ಬಡಿಸಿದಳು.

ಅದನ್ನು ತೋರಿಸಲು ಹೋಗಬೇಕು ಎನ್ನುವಷ್ಟರಲ್ಲಿ ಆತನೇ ಬಂದ. ಆ ಮೇಲಿನ ಕೋಣೆಗೆ ಮೊದಲ ಸಲ. ಕೆಳಗೆ ಅಕ್ಕನ ಯಂತ್ರ ಗುಂಯ್‌ಗುಡುತ್ತಿತ್ತು. ಆತ ಕನ್ನಡಿಯನ್ನು ನೋಡಿದ, ಮಂಚದ ಮೇಲಿನ ದಿಂಬನ್ನು ನೋಡಿದ, ಕೂರಲಿಲ್ಲ.

"ಚುಕ್ಕಿ ಸ್ಕೂಲಿನಿಂದ ಕರೆದಿದ್ರು," ಅಂದ. "ಮಕ್ಕಳಿಗೆಲ್ಲ ಮನೆಯವರ ಬಗ್ಗೆ ಹೇಳಿ ಅಂದ್ರಂತೆ. ಇವಳು ಎದ್ದು ನಿಂತು ಅಮ್ಮನ ಬಗ್ಗೆ ಹೇಳಿದಳಂತೆ. ಅಮ್ಮ ತಲೆಗೆ ಪೆನ್ಸಿಲ್ ಸಿಕ್ಕಿಸ್ಕೋತಾರೆ. ಅಮ್ಮ ಕಾಲಿನ ಮೇಲೆ ಕೂರ್ತಾರೆ. ಅಮ್ಮನ ಕಿವಿ ಕೆಳಗೆ ಚುಕ್ಕಿ ಇದೆ, ಅದಕ್ಕೇ ನನ್ನ ಹೆಸರು ಚುಕ್ಕಿ."

ಅವಳ ಕೈ ತಾನಾಗಿ ಕಿವಿಯ ಕೆಳಗೆ ಹೋಯಿತು.

"ಹೆಸರಿಟ್ಟಿದ್ದು ನನ್ನ ಹೆಂಡತಿ. ಮೊದಲ ಸ್ಕ್ಯಾನಿಂಗಲ್ಲಿ ಇಷ್ಟೇ ಇಷ್ಟು ಕಂಡಿತ್ತು. ಡಾಕ್ಟರ್ ಮುಂದೇನೇ, ಅಯ್ಯೋ ಒಂದು ಚುಕ್ಕಿ ಅಂದಿದ್ಲು. ಮಗು ಹತ್ರ ಅವಳದು ಅಂತ ಉಳಿದಿದ್ದು ಅದೊಂದೇ. ಅದೂ ಈಗ..." ಆತ ಕನ್ನಡಿಯ ಕಡೆ ತಿರುಗಿದ. "ಮಗು ತಾನೇ, ಹೋಗ್ಲಿ ಅಂದ್ಕೋಬಹುದಿತ್ತು. ಆಮೇಲೆ ನಾನೇ ಅವಳ ಮುಖ ನೆನಪಿಸ್ಕೊಳ್ಳೋಕೆ ಕೂತೆ. ಬರ್ಲಿಲ್ಲ. ನಿಮ್ಮ ಮುಖ ಬಂತು."

ಪ್ರೀತಿಸಿದವನ ಬಾಯಿಂದ ಯಾವ ಹೆಣ್ಣಾದರೂ ಕೇಳಲು ಕಾಯುವ ಮಾತು ಅದು. ಅವಳಿಗೆ ಅದು ಮುಖಕ್ಕೆ ಹೊಡೆದ ಹಾಗೆ ಬಂತು. ಆತ ಹೇಳಿದ್ದು ಹೆದರಿಕೆಯಿಂದ, ಮನೆಯಲ್ಲಿ ಏನೋ ಕಳವಾಗಿದೆ ಎನ್ನುವವನ ದನಿಯಲ್ಲಿ.

"ನಾನು ಕದಿಯೋಕೆ ಅಂತ ಬರ್ಲಿಲ್ಲ," ಅಂದಳು.

"ಗೊತ್ತು. ಫೋಟೋ ಬೇಡ ಅಂದಿದ್ದು ನಾನು. ನಿಮ್ಮದೇನೂ ತಪ್ಪಿಲ್ಲ." ಜೇಬಿನಿಂದ ಹಳೆಯ ಫೋನೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇದರಲ್ಲಿ ಅವಳಿದಾಳೆ. ವಿಡಿಯೋಗಳು. ನನಗೆ ನೋಡೋಕೆ ಧೈರ್ಯ ಇಲ್ಲ. ಅವಳನ್ನ ವಾಪಸ್ ಬಿಡಿಸಿಕೊಡ್ತೀರಾ? ಮಗುಗೋಸ್ಕರ."

ಆಗುವುದಿಲ್ಲ ಎನ್ನಬಹುದಿತ್ತು. ಚಿತ್ರಗಳು ಅಚ್ಚಿಗೆ ಹೋಗುವುದರಲ್ಲಿದ್ದವು, ಅದೇ ನೆಪ ಸಾಕಿತ್ತು. ಅವಳು "ಹೂಂ" ಅಂದಳು.

ಮೇಡಂ ಬೈಯುತ್ತಲೇ ಒಪ್ಪಿದರು. ಅವಳು ಹಳೆಯ ಬೆಡ್‌ಶೀಟೊಂದನ್ನು ಕನ್ನಡಿಗೆ ಹೊದಿಸಿ, ಆ ಫೋನನ್ನು ಮುಂದಿಟ್ಟುಕೊಂಡು ಕೂತಳು.

ಫೋನಿನಲ್ಲಿದ್ದ ಹೆಂಗಸು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂದು ವಿಡಿಯೋದಲ್ಲೂ ನೆಟ್ಟಗೆ ನಿಂತಿಲ್ಲ. ಎಡಗೈಯವಳು. ಎಡಗೈಯಲ್ಲೇ ಚಮಚ, ಎಡಗೈಯಲ್ಲೇ ಬಾಚಣಿಗೆ. ಹಾಡಿದರೆ ರಾಗ ಒಂದು ಕಡೆ, ತಾನೊಂದು ಕಡೆ, ಅದರ ಚಿಂತೆ ಅವಳಿಗಿಲ್ಲ. ಮಗುವನ್ನು ಟಬ್ಬಿನಲ್ಲಿ ಕೂರಿಸಿ, "ನೋಡಿ ಮೇಡಂ, ನೀರು ಚೆಲ್ಲಿದ್ರೆ ನೀವೇ ಒರೆಸ್ಬೇಕು" ಎಂದು ದೊಡ್ಡವರ ಜೊತೆ ಮಾತಾಡುವ ಹಾಗೆ ಮಾತಾಡುವಳು. ನಗು ಬಂದರೆ ಎಡಗೈಯಿಂದ ಮೂಗು ಮುಚ್ಚಿಕೊಳ್ಳುವಳು, ಬಾಯಿಯನ್ನಲ್ಲ, ಮೂಗನ್ನು.

ಅವಳ ಮೇಲೆ ಹೊಟ್ಟೆಕಿಚ್ಚು ಪಡಲು ಚಿತ್ರಗಾರ್ತಿ ಪ್ರಯತ್ನಿಸಿದಳು. ಆಗಲಿಲ್ಲ. ಬದುಕಿದ್ದಿದ್ದರೆ ಇವಳ ಜೊತೆ ಕಾಫಿಗೆ ಹೋಗಿ ಲೋಕದವರನ್ನೆಲ್ಲ ಆಡಿಕೊಂಡು ನಗಬಹುದಿತ್ತು ಅನ್ನಿಸಿತು.

ಸುಳ್ಳು ಯಾಕೆ, ಒಂದು ಕೆಟ್ಟ ಯೋಚನೆಯೂ ಬಂತು. ಸ್ವಲ್ಪ ಸಾಧಾರಣವಾಗಿ ಬಿಡಿಸಿದರಾಯಿತು. ಮೂಗು, ಕಣ್ಣು ಹೋಲುತ್ತದೆ, ಜೀವ ಇರುವುದಿಲ್ಲ. ಆತ ಥ್ಯಾಂಕ್ಸ್ ಹೇಳುತ್ತಾನೆ, ಮಗು ಪುಟ ಮಗುಚುತ್ತದೆ, ಬಾಗಿಲಲ್ಲಿ ತನ್ನ ಜಾಗ ತನಗೆ ಉಳಿಯುತ್ತದೆ. ಯಾರಿಗೆ ಗೊತ್ತಾಗಬೇಕು? ಹಾಗಂದುಕೊಂಡೇ ಕುಂಚ ಎತ್ತಿದಳು. ಆದರೆ ಆ ಹೆಂಗಸು ಟಬ್ಬಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವುದನ್ನು ಬಿಡಿಸುತ್ತ ಬಿಡಿಸುತ್ತ ಕೈ ಅವಳ ಮಾತು ಕೇಳಲಿಲ್ಲ. ಇಷ್ಟು ಚೆನ್ನಾಗಿ ಅವಳು ಹಿಂದೆಂದೂ ಬಿಡಿಸಿರಲಿಲ್ಲ.

ಒಂದು ಸಂಜೆ ಅಕ್ಕ ಗ್ಲೌಸು ಬಿಚ್ಚುತ್ತ ಮೇಲೆ ಬಂದಳು. ಗೋಡೆಗೆ ಒಣಹಾಕಿದ್ದ ಹಾಳೆಗಳನ್ನು ನೋಡಿದಳು.

"ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕ್ಕೋತಿದೀಯ. ಗೊತ್ತಾ?"

"ಗೊತ್ತು."

"ನಾನು ಒಂದು ಹಲ್ಲು ಕೀಳಬೇಕಾದ್ರೂ ಮೊದಲು ಇಂಜೆಕ್ಷನ್ ಕೊಡ್ತೀನಿ ಕಣೇ. ನೀನು ಅದೂ ಇಲ್ಲದೆ ಕೂತಿದೀಯಲ್ಲ." ಅಕ್ಕ ಹತ್ತಿರ ಬಂದಳು. ತಂಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ತಂಗಿ ಆಗ ಅತ್ತಳು, ಮನಸಾರೆ ಅತ್ತಳು.

ಕೊನೆಗೆ ಉಳಿದದ್ದು ಕಡೆಯ ಪುಟ. ಬಾಗಿಲಲ್ಲಿ ಬೆನ್ನು ತೋರಿಸಿ ನಿಂತಿದ್ದವಳನ್ನು ರಬ್ಬರಿನಿಂದ ಅಳಿಸಿದಳು. ಅಲ್ಲಿ ತಾನು ನಿಂತರೆ ಆ ಪುಟ್ಟ ಹುಡುಗಿಗೆ ಮತ್ತೆ ಅದೇ ಗೊಂದಲ. ಯಾರಾದರೂ ಬಂದು ನಿಂತರೂ ಸುಳ್ಳಾಗುತ್ತದೆ. ಬಹಳ ಯೋಚಿಸಿದ ಮೇಲೆ ಹುಡುಗಿಯನ್ನೇ ಬಾಗಿಲ ಹತ್ತಿರ ಕರೆತಂದಳು. ಚಿಲಕ ಎಟುಕಲು ತುದಿಗಾಲಲ್ಲಿ ನಿಂತಿದ್ದಾಳೆ, ಬಾಗಿಲನ್ನು ತಾನೇ ತೆಗೆಯುತ್ತಿದ್ದಾಳೆ, ಸಂದಿನಿಂದ ಬೆಳಕು ಮುಖದ ಮೇಲೆ ಬಿದ್ದಿದೆ. ಹೊರಗೆ ಏನಿದೆಯೆಂದು ಚಿತ್ರಗಾರ್ತಿ ತೋರಿಸಲಿಲ್ಲ. ಅದು ಅವಳಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಅಂಗಡಿ ಅರ್ಧ ಮುಚ್ಚಿದ್ದ ಹೊತ್ತಿನಲ್ಲಿ ಕೌಂಟರಿನ ಮೇಲೆ ಚಿತ್ರಗಳನ್ನು ಹರವಿದಳು.

ಆತ ಒಂದೊಂದನ್ನೇ ನೋಡುತ್ತ ಹೋದ. ಮೊಣಕೈ ನೀರಿಗೆ ಅದ್ದಿದ ಚಿತ್ರದ ಹತ್ತಿರ ನಿಂತುಬಿಟ್ಟ. ತುಟಿ ಅಲುಗಿತು.

"ಏ ಕೋತಿ," ಅಂದ.

ಅದು ಹೆಂಡತಿಯನ್ನು ಕರೆಯುತ್ತಿದ್ದ ಹೆಸರು. ಕರೆದವನಿಗೆ ಕರೆದದ್ದೂ ಗೊತ್ತಾಗಲಿಲ್ಲ. ಹಾಳೆ ನೆನೆಯಬಾರದೆಂದು ಮುಖ ಆ ಕಡೆ ತಿರುಗಿಸಿಕೊಂಡು, ಗೋಡೆಯ ಕನ್ನಡಕಗಳ ಕಡೆ ನೋಡುತ್ತ, ಭುಜ ಕುಣಿಸುತ್ತ ಅತ್ತ. ನಗುವಾಗಲೂ ಅಳುವಾಗಲೂ ಆ ಭುಜ ಒಂದೇ ಥರ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಅದರ ಮೇಲೆ ಕೈಯಿಡಬೇಕು ಅನ್ನಿಸಿತು. ಕೈಯನ್ನು ಗಾಜಿನ ಮೇಲೇ ಊರಿಕೊಂಡು ನಿಂತಳು.

"ಒಂದು ವರ್ಷದಿಂದ ಕನಸಲ್ಲೂ ಬಂದಿರ್ಲಿಲ್ಲ," ಅಂದ ಆತ. "ಹೀಗೇ ಇದ್ಲು. ಸೇಮ್ ಹೀಗೇ."

ಚುಕ್ಕಿ ಸ್ಟೂಲು ಹತ್ತಿ ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಇದು ಅಮ್ಮ ಅಲ್ಲ."

"ಅಮ್ಮಾನೇ ಪುಟ್ಟಿ. ಸರಿಯಾಗಿ ನೋಡು."

"ಅಲ್ಲ." ಮಗು ಸ್ಟೂಲಿನಿಂದ ಇಳಿದು ಬಂದು ಚಿತ್ರಗಾರ್ತಿಯ ಕಾಲು ತಬ್ಬಿಕೊಂಡಿತು. ಆ ಬಿಸಿ ಕೆನ್ನೆ ಬಟ್ಟೆಯ ಮೂಲಕ ತಾಕಿತು. ಅವಳು ಆಸೆಪಟ್ಟದ್ದೆಲ್ಲ ಆ ಎರಡು ಪುಟ್ಟ ಕೈಗಳಲ್ಲಿತ್ತು. ಬೇಕೆಂದರೆ ಎತ್ತಿಕೊಂಡರಾಯಿತು.

ಆತ ತಲೆತಗ್ಗಿಸಿದ. ಆತ ಹೇಳಲಾರದ್ದನ್ನು ಅವಳೇ ಹೇಳಬೇಕಾಯಿತು.

"ನಾನು ಕಣ್ಣೆದುರಿಗೆ ಇದ್ರೆ ಇವಳು ಆ ಮುಖ ನೋಡೋದೇ ಇಲ್ಲ. ನಾನು ಬರೋದು ನಿಲ್ಲಿಸ್ತೀನಿ. ನೀವು ದಿನಾ ಆ ವಿಡಿಯೋ ಇವಳ ಜೊತೆ ಕೂತು ನೋಡಿ. ಧೈರ್ಯ ಇಲ್ಲ ಅನ್ನಬೇಡಿ."

"ನಾನು ನಿಮ್ಮನ್ನ ಇಷ್ಟಪಟ್ಟಿದ್ದು ಸುಳ್ಳಲ್ಲ," ಅಂದ ಆತ. ಕಣ್ಣು ಇನ್ನೂ ಒದ್ದೆ. "ಅಂಗಡಿ ಬಾಗಿಲು ಸದ್ದಾದ್ರೆ ಮತ್ತೆ ಕತ್ತೆತ್ತಿ ನೋಡೋ ಹಾಗೆ ಮಾಡಿದ್ದು ನೀನು. ಆದ್ರೆ ಈಗ ಇವಳನ್ನ ನೋಡಿದ ಮೇಲೆ..." ಬೆರಳು ಆ ಹಾಳೆಯ ಅಂಚಿನಲ್ಲಿತ್ತು. "ಇನ್ನೂ ಕಳಿಸಿಕೊಟ್ಟೇ ಇಲ್ಲ ನಾನು. ಅಳೋದನ್ನೂ ಅರ್ಧಕ್ಕೇ ಬಿಟ್ಟುಬಿಟ್ಟಿದ್ದೆ. ಎಷ್ಟು ದಿನ ಬೇಕೋ ಗೊತ್ತಿಲ್ಲ. ಕಾಯಿ ಅಂತ ಹೇಳೋಕೆ ನನಗೆ ಹಕ್ಕಿಲ್ಲ."

ನೀವು ಹೋಗಿ ನೀನು ಬಂದದ್ದು ಅವಳಿಗೆ ಕೇಳಿಸಿತು. ಇಷ್ಟು ಕಾಲ ಕಾದ ಮಾತು ಹೊರಡುವ ದಿನ ಬಂದಿತ್ತು.

"ಹೇಳಬೇಡಿ. ಹೇಳಿದ್ರೆ ಕಾಯ್ತೀನಿ. ಅದೇ ತೊಂದರೆ."

ಮಗುವಿನ ಕೈ ಬಿಡಿಸುವುದು ಸುಲಭವಾಗಿರಲಿಲ್ಲ. ಒಂದು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಕೊನೆಗೆ ಆತ ಬಂದು ಮಗಳನ್ನು ಎತ್ತಿಕೊಂಡ. ಅವಳು ರಸ್ತೆಯ ತಿರುವು ದಾಟುವ ತನಕ ಆ ಅಳು ಕೇಳಿಸುತ್ತಿತ್ತು.

ಪುಸ್ತಕ ಬರುವಷ್ಟರಲ್ಲಿ ಶಾಲೆಗಳಿಗೆ ರಜೆ ಬಂದು ಹೋಗಿ ಹೊಸ ತರಗತಿಗಳು ಶುರುವಾಗಿದ್ದವು. ಮೇಡಂ ಲೈಬ್ರರಿಯ ಮಕ್ಕಳ ಕೋಣೆಯಲ್ಲಿ ಪುಸ್ತಕ ಓದಿಸುವ ಸಣ್ಣ ಕಾರ್ಯಕ್ರಮ ಇಟ್ಟುಕೊಂಡರು. ಬರುವುದಿಲ್ಲ ಎಂದು ಹಟ ಹಿಡಿದಿದ್ದ ಚಿತ್ರಗಾರ್ತಿಯನ್ನು ಅಕ್ಕ ಕ್ಲಿನಿಕ್ಕಿಗೆ ಬೀಗ ಹಾಕಿ ಎಳೆದುಕೊಂಡು ಬಂದಿದ್ದಳು.

ಅವಳು ಹಿಂದಿನ ಕಪಾಟಿನ ಪಕ್ಕ ನಿಂತಳು. ಆತ ಮುಂದೆ ಕೂತು ಓದುತ್ತಿದ್ದ. ಸ್ವಲ್ಪ ಇಳಿದಿದ್ದ, ಆದರೆ ನಿದ್ದೆ ಮಾಡಿದವನ ಮುಖ. ನಿನ್ನೆ, ನಿನ್ನೆ ಎಂದು ಪುಟ ಮಗುಚುವಾಗ ದನಿ ನಡುಗಲಿಲ್ಲ. ಕಡೆಯ ಪುಟಕ್ಕೆ ಬಂದಾಗ ಕತ್ತೆತ್ತಿದ. ಅವಳು ಕಂಡಳು. ಇಬ್ಬರೂ ನೋಡಿದರು, ಇಬ್ಬರೂ ನಗಲಿಲ್ಲ. ಅವಳ ಎದೆ ಹಳೆಯ ಹಾಗೇ ಬಡಿದುಕೊಂಡಿತು. ಅದಕ್ಕೆ ಯಾರೂ ಏನೂ ತಿಳಿಸಿರಲಿಲ್ಲ.

ಓದು ಮುಗಿದು ಮಕ್ಕಳು ಗಲಾಟೆ ಮಾಡುತ್ತ ಎದ್ದರು. ಚುಕ್ಕಿ ಪುಸ್ತಕ ಎದೆಗವಚಿಕೊಂಡು ನೇರ ಅವಳ ಹತ್ತಿರ ಬಂದಳು. ಉದ್ದವಾಗಿದ್ದಳು, ಮುಂದಿನ ಒಂದು ಹಲ್ಲು ಬಿದ್ದಿತ್ತು.

"ಆಂಟಿ," ಅಂದಳು.

ಒಂದು ಪದ. ಅದನ್ನು ಕೇಳಲೆಂದೇ ಅವಳು ಕನ್ನಡಿ ಮುಚ್ಚಿ ಕೂತದ್ದು, ಅಷ್ಟೂ ಚಿತ್ರ ಮತ್ತೆ ಬಿಡಿಸಿದ್ದು, ದಾರಿ ಬದಲಾಯಿಸಿ ಓಡಾಡಿದ್ದು. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

"ಏನಮ್ಮ?"

"ನೀವು ಹೋದ ವರ್ಷ ನಮ್ಮ ಅಂಗಡಿಗೆ ಬರ್ತಿದ್ರಿ ಅಲ್ವಾ?"

"ಬರ್ತಿದ್ದೆ."

"ಇದನ್ನೆಲ್ಲ ಬಿಡಿಸಿದ್ದು ನೀವಾ?" ಚುಕ್ಕಿ ಪುಸ್ತಕ ತೆರೆದು ಟಬ್ಬಿನ ಪುಟ ತೋರಿಸಿದಳು. "ಇದು ನಮ್ಮಮ್ಮ. ನಿಮಗೆ ನಮ್ಮಮ್ಮ ಗೊತ್ತಾ?"

"ಗೊತ್ತು," ಅಂದಳು ಚಿತ್ರಗಾರ್ತಿ. ಮಂಡಿಯೂರಿ ಮಗುವಿನ ಎತ್ತರಕ್ಕೆ ಬಂದಳು. "ತುಂಬಾ ಓಡಾಡ್ತಿದ್ರು. ಸಿಕ್ಕಾಪಟ್ಟೆ ತಪ್ಪು ತಪ್ಪಾಗಿ ಹಾಡ್ತಿದ್ರು."

"ಹೂಂ," ಅಂದಳು ಚುಕ್ಕಿ ಹೆಮ್ಮೆಯಿಂದ. "ಮತ್ತೆ?"

"ನಗು ಬಂದ್ರೆ ಹೀಗೆ ಮಾಡ್ತಿದ್ರು." ಅವಳು ಕೈ ಎತ್ತಿ ಮೂಗು ಮುಚ್ಚಿ ತೋರಿಸಿದಳು.

ಚುಕ್ಕಿ ತಲೆಯಾಡಿಸಿದಳು. ದೊಡ್ಡವರಿಗೆ ಎಷ್ಟು ಸಲ ಹೇಳಬೇಕು ಎನ್ನುವ ಹಾಗೆ ನಿಟ್ಟುಸಿರು ಬಿಟ್ಟು, ಅವಳ ಬಲಗೈಯನ್ನು ಹಿಡಿದು ಕೆಳಗಿಳಿಸಿದಳು. ಎಡಗೈಯನ್ನು ಹುಡುಕಿ ತೆಗೆದು ಅವಳ ಮೂಗಿನ ಮೇಲಿಟ್ಟಳು.

"ಆ ಕೈ ಅಲ್ಲ ಆಂಟಿ. ನಮ್ಮಮ್ಮಂದು ಈ ಕೈ."

ದೂರದಲ್ಲಿ ಆತ ಮುಚ್ಚಿದ ಪುಸ್ತಕ ಹಿಡಿದುಕೊಂಡು ನೋಡುತ್ತ ನಿಂತಿದ್ದ. ಅವಳು ಆ ಕಡೆ ನೋಡಲಿಲ್ಲ. ಮೂಗಿನ ಮೇಲೆ ಮಗು ಇಟ್ಟ ಜಾಗದಲ್ಲೇ ಕೈ ಇಟ್ಟುಕೊಂಡಳು, ಹಾಗೆ ಹಿಡಿದರೆ ತುಟಿ ನಡುಗುವುದೂ ಸ್ವಲ್ಪ ಮರೆಯಾಗುತ್ತಿತ್ತು.

"ಹೌದಲ್ವಾ," ಅಂದಳು. "ನಾನು ಮರೆತೇಬಿಟ್ಟಿದ್ದೆ."